ನಾನು ಬದುಕಿಸಿದ ಹೊನ್ನಾಜಿ

ಮುನ್ನೂರು ವರ್ಷದ ಹಿಂದೆ ಸಾವನದುರ್ಗದ ನೆತ್ತಿಯಿಂದ ಹಾರಿ ಸತ್ತವಳೊಬ್ಬಳನ್ನು ನಾನು ಬದುಕಿಸಿದ್ದೇನೆ. ಅದೂ ಮಾಗಡಿಯಿಂದ ಬಿಡದಿಗೆ ಹೋಗುವ ಕಂಪನಿ ಬಸ್ಸಿನಲ್ಲಿ, ಡ್ರೈವರ್ ರಸೂಲ್ ಎರಡನೇ ಗೇರಿನಿಂದ ಮೂರಕ್ಕೆ ಹಾಕುವಷ್ಟರಲ್ಲಿ. ನಂಬದವರು ಅವತ್ತು ಬಸ್ಸಿನಲ್ಲಿದ್ದ ನಾನೂರು ಜನರನ್ನು ಕೇಳಬಹುದು.

ಅದು ೨೦೦೪. ಬೆಳಿಗ್ಗೆ ಹೋಗುವಾಗ ರಾಗಿ ಹೊಲವಾಗಿದ್ದದ್ದು ಸಂಜೆ ಬರುವಾಗ ಕಾರ್ಖಾನೆಯ ಕಾಂಪೌಂಡ್ ಆಗಿರುತ್ತಿದ್ದ ಕಾಲ. ನಮ್ಮದು ಕಾರಿನೊಳಗಿನ ವೈರುಗಳನ್ನು ಜಡೆ ಹೆಣೆದಂತೆ ಕಟ್ಟುವ ಕೆಲಸ. ಬಸ್ಸಿನ ಟೇಪ್ ರೆಕಾರ್ಡರ್ ಕೆಟ್ಟು, ಹಾಡಿಲ್ಲದೆ ಒಂದು ಗಂಟೆಯ ದಾರಿ ಸವೆಯುವುದಿಲ್ಲವೆಂದು ಎಲ್ಲರೂ ಗೊಣಗತೊಡಗಿದಾಗ ನಾನು ಎದ್ದು ನಿಂತೆ. ಸಾವಿರ ಕಾದಂಬರಿ ಓದಿ ಮುಗಿಸಿದವನು ನಾನು, ದಿನಕ್ಕೊಂದು ಅಧ್ಯಾಯ ಓದಿ ಹೇಳುತ್ತೇನೆ ಎಂದೆ. ಮಾಗಡಿಯ ಸಿದ್ದಗಂಗಯ್ಯನವರ ಬಾಡಿಗೆ ಪುಸ್ತಕದ ಅಂಗಡಿಯಿಂದ, ರಟ್ಟು ಕಿತ್ತುಹೋಗಿ ಕಂದು ಕಾಗದ ಸುತ್ತಿಸಿಕೊಂಡಿದ್ದ ೪೧೭ನೇ ನಂಬರಿನ ಪುಸ್ತಕ ತಂದೆ.

ಪಾಳೇಗಾರರ ಕಾಲದ ಪ್ರೇಮಕಥೆ. ಹೊನ್ನಾಜಿ ಎಂಬವಳು ಕೋಟೆ ಕಟ್ಟುವ ಕಲ್ಲುಕುಟಿಗನೊಬ್ಬನನ್ನು ಮೆಚ್ಚುತ್ತಾಳೆ. ದಂಡು ಬಂದು ಅವಳನ್ನು ಹೊತ್ತೊಯ್ಯುತ್ತದೆ. ದಳವಾಯಿ ಎಂಟು ತಿಂಗಳು ಅವಳನ್ನು ತನ್ನ ಡೇರೆಯಲ್ಲಿ ಕೂಡಿಹಾಕುತ್ತಾನೆ. ಅಲ್ಲಿ ನಡೆದದ್ದನ್ನು ಓದಿದ ದಿನ ನನ್ನ ದನಿ ಹೇಗೆ ನಡುಗಿತೆಂದರೆ ಬಸ್ಸಿನ ಗಾಜುಗಳೆಲ್ಲ ಗಡಗಡ ನಡುಗಿದವು. ರಸ್ತೆಯೂ ಕಿತ್ತುಹೋಗಿತ್ತು, ಆ ಮಾತು ಬೇರೆ.

ಮೂರನೇ ಸೀಟಿನ ಗಿರಿಜಾಂಬ ಅವತ್ತು ಕಿಟಕಿಯಿಂದ ಮುಖ ತಿರುಗಿಸಲೇ ಇಲ್ಲ. ಅವಳನ್ನು ಸಾತನೂರಿಗೆ ಕೊಟ್ಟಿದ್ದರು. ಗಂಡ ಹೊಡೆದ ಪೆಟ್ಟಿಗೆ ಎಡಗೈಯ ಕಿರುಬೆರಳು ಸೊಟ್ಟಗಾಗಿ ಹಾಗೇ ಉಳಿದಿತ್ತು. ಉಳಿದ ಒಂಬತ್ತು ಬೆರಳಿನಲ್ಲಿ ಅವಳು ನಮ್ಮೆಲ್ಲರಿಗಿಂತ ಚುರುಕಾಗಿ ವೈರು ಕಟ್ಟುತ್ತಿದ್ದಳು. ತವರಿಗೆ ಬಂದು ಒಂದು ವರ್ಷವಾಗಿತ್ತು. ಬರುವ ಭಾನುವಾರ ಗಂಡನ ಕಡೆಯವರು ಅವಳನ್ನು ಕರೆದೊಯ್ಯಲು ಬರುವವರಿದ್ದರು. ಈ ಸುದ್ದಿಯನ್ನು ಸೀಟುಸೀಟಿಗೂ ಹಂಚಿದವಳು ಕ್ಯಾಂಟೀನಿನ ಚಿಕ್ಕಲಕ್ಷ್ಮಮ್ಮ.

"ಹೋಯ್ತೀಯೇನಮ್ಮಿ?" ಎಂದು ಅವಳೇ ಒಂದು ದಿನ ಕೇಳಿದಳು.

"ಅಪ್ಪ ಹೋಗು ಅಂತಾವ್ರೆ. ನಾನಿನ್ನೂ ಬಾಯಿ ಬಿಟ್ಟಿಲ್ಲ."

"ಇನ್ಯಾವಾಗ ಬಿಟ್ಟೀಯೆ, ಅವ್ರು ಬಂದು ಗಂಟು ಕಟ್ಟಿದ್ಮೇಲಾ?"

"ಶನಿವಾರಕ್ಕೆ ಹೊನ್ನಾಜಿ ಕತೆ ಮುಗೀತದಲ್ಲಕ್ಕ, ನೋಡಾನ," ಎಂದಳು ಗಿರಿಜಾಂಬ.

ತಮಾಷೆಗೆ ಹೇಳಿದಳೇನೋ. ಆದರೆ ಯಾರೂ ನಗಲಿಲ್ಲ.

ಶುಕ್ರವಾರ ಸಂಜೆ ಮನೆಯಲ್ಲಿ ಕೊನೆಯ ಅಧ್ಯಾಯ ತೆಗೆದು ನೋಡಿದೆ. ಹೊನ್ನಾಜಿ ತಪ್ಪಿಸಿಕೊಂಡು ಊರಿಗೆ ಬರುತ್ತಾಳೆ. ಊರು ಬಾಗಿಲು ಹಾಕಿಕೊಳ್ಳುತ್ತದೆ. ಕಲ್ಲುಕುಟಿಗನೂ ಉಳಿ ಕೆಳಗಿಟ್ಟು ಅತ್ತ ತಿರುಗುತ್ತಾನೆ. ಅವಳು ಬೆಟ್ಟ ಹತ್ತಿ ಹಾರಿಬಿಡುತ್ತಾಳೆ. ಅಷ್ಟೇ.

ಬಾಡಿಗೆ ಪುಸ್ತಕಗಳ ಕೊನೆಯ ಪುಟದ ಖಾಲಿ ಜಾಗದಲ್ಲಿ ಓದಿದವರೆಲ್ಲ ಒಂದೊಂದು ಮಾತು ಗೀಚಿರುತ್ತಾರೆ. ಇದರಲ್ಲೂ ಇತ್ತು. 'ಸೂಪರ್.' 'ಅಳು ತಡೆಯಲಾಗಲಿಲ್ಲ.' ಅವುಗಳ ಕೆಳಗೆ ಹಸಿರು ಇಂಕಿನಲ್ಲಿ ಒಂದು ಸಾಲು: 'ಹತ್ತಿದವಳಿಗೆ ಇಳಿಯಲು ಬರುವುದಿಲ್ಲವೇ?' ಅದನ್ನು ಓದಿದ ಮೇಲೆ ಊಟದ ಮುಂದೆ ಸುಮ್ಮನೆ ಕೂತುಬಿಟ್ಟೆ. ಪುಟದ ಮೇಲೆ ಸಾಂಬಾರು ಚೆಲ್ಲಿದ್ದೂ ಗೊತ್ತಾಗಲಿಲ್ಲ.

ಶನಿವಾರ. ಕಿಟಕಿಯಲ್ಲಿ ಸಾವನದುರ್ಗ ಕಂಡಾಗ, ಪುಸ್ತಕದಲ್ಲಿ ಹೊನ್ನಾಜಿಯ ಒಂದು ಕಾಲು ಬಂಡೆಯ ಅಂಚಿನಾಚೆ ಇತ್ತು. ನಾನು ನಿಲ್ಲಿಸಿದೆ. ಗಿರಿಜಾಂಬ ಆ ಸೊಟ್ಟ ಬೆರಳನ್ನು ಮುಷ್ಟಿಯಲ್ಲಿ ಒತ್ತಿ ಹಿಡಿದಿದ್ದಳು.

"ಮುಂದುಕ್ಕೆ ಓದ್ಲಾ, ಏನ್ ಬೆಟ್ಟದ ಮೇಲೆ ಮನೆ ಕಟ್ತೀಯಾ?" ಎಂದ ರಸೂಲ್.

ನಾನು ಅಕ್ಷರಗಳ ಮೇಲೆ ಬೆರಳಿಟ್ಟು, ಅಲ್ಲಿ ಇಲ್ಲದ್ದನ್ನು ಓದಿದೆ. ಹೊನ್ನಾಜಿ ಕಾಲನ್ನು ಹಿಂದಕ್ಕೆ ಎಳೆದುಕೊಂಡಳು. ಹತ್ತಿದ ಬೆಟ್ಟವನ್ನು ಕೂತು, ಜಾರಿ, ಮಂಡಿ ತರಚಿಕೊಂಡು ಇಳಿದಳು. ಬುಡದಲ್ಲಿ ಕಲ್ಲುಕುಟಿಗ ತಲೆ ತಗ್ಗಿಸಿ ನಿಂತಿದ್ದ. 'ದಾರಿ ಬಿಡು' ಎಂದಳು. ಕೆರೆಯ ಪಕ್ಕ ತಾನೇ ಒಂದು ಮನೆ ಎಬ್ಬಿಸತೊಡಗಿದಳು. ಅವನು ದಿನಾ ಒಂದು ಕಲ್ಲು ತಂದಿಟ್ಟು ಮಾತಾಡದೆ ಹೋಗುತ್ತಿದ್ದ. ಬಾಗಿಲು ತೆರೆಯುವುದು ಬಿಡುವುದು ಅವಳಿಗೆ ಬಿಟ್ಟದ್ದು.

ಚಿಕ್ಕಲಕ್ಷ್ಮಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ರಸೂಲ್ ಎದುರಿಗೆ ಯಾರೂ ಇಲ್ಲದಿದ್ದರೂ ಹಾರನ್ ಹೊಡೆದ. ಕಾರ್ಖಾನೆ ಬಂದಾಗ ಗಿರಿಜಾಂಬ ಎಲ್ಲರಿಗಿಂತ ಮೊದಲು ಇಳಿದು ಹೋದಳು.

ಸೋಮವಾರ ಅವಳ ಸ್ಟಾಪು ಬರುವಾಗ ಎಲ್ಲರೂ ಕಿಟಕಿಗಳಿಂದ ತಲೆ ಹೊರಹಾಕಿದ್ದರು. ಅವಳು ಹತ್ತಿದಳು.

"ಬಂದಿದ್ರಾ?" ಚಿಕ್ಕಲಕ್ಷ್ಮಮ್ಮ ಕೇಳಿದಳು.

"ಬಂದಿದ್ರು. ಕಾಫಿ ಕುಡ್ಸಿ ಕಳಿಸ್ದೆ."

"ನಿಮ್ಮಪ್ಪ?"

"ನೆನ್ನೆಯೆಲ್ಲ ಮಾತಾಡ್ಲಿಲ್ಲ. ಬೆಳಿಗ್ಗೆ ನನ್ ಟಿಫನ್ ಬಾಕ್ಸಿಗೆ ಅವ್ರೇ ಮುಚ್ಚಳ ಹಾಕಿಕೊಟ್ರು."

ನಾನು ತಡೆಯಲಾರದೆ ಎದ್ದು ನಿಂತೆ. "ನೋಡ್ರಪ್ಪ, ಈ ಬಾಲರಾಜು ಓದಿದ್ರೆ ಹಂಗೆ. ಆ ಪುಸ್ತಕ ಬರೆದೋರು ಬಂದ್ರೂ ನನ್ ಮುಂದೆ ಕೈ ಕಟ್ಕಂಡ್ ನಿಂತ್ಕೋಬೇಕು."

ಗಿರಿಜಾಂಬ ಬ್ಯಾಗಿನಿಂದ ಕಂದು ಹೊದಿಕೆಯ ಪುಸ್ತಕ ತೆಗೆದು ಕೊನೆಯ ಪುಟ ನನ್ನ ಮುಂದೆ ಹಿಡಿದಳು. ನಾನು ಶನಿವಾರ ಸಂಜೆ ಅಂಗಡಿಗೆ ಹಿಂತಿರುಗಿಸಿದ್ದನ್ನು ಅವಳು ಆಮೇಲೆ ಬಾಡಿಗೆಗೆ ತಂದಿದ್ದಳು.

"ಬಾಲರಾಜಣ್ಣ, ಹೊನ್ನಾಜಿ ಇಳಿದಿದ್ದು ಯಾವ್ ಸಾಲಲ್ಲೈತೆ, ಒಸಿ ತೋರ್ಸು."

"ಇದು ಬೇರೆ ಪ್ರತಿ ಇರ್ಬೇಕು ಕಣವ್ವ."

"ನಂಬರು ಅದೇ. ನಿನ್ ಸಾಂಬಾರೂ ಐತೆ."

ರಸೂಲ್ ಬಸ್ಸನ್ನು ಪಕ್ಕಕ್ಕೆ ಹಾಕಿ ತಿರುಗಿ ನೋಡಿದ. "ಹಂಗಾದ್ರೆ ಸತ್ತೋಗಿದ್ಲೇನ್ಲಾ ಅವ್ಳು?"

"ಈ ಹಸಿರು ಇಂಕು ನಂದು," ಎಂದಳು ಗಿರಿಜಾಂಬ. "ತವ್ರಿಗೆ ಬಂದ ಹೊಸದ್ರಲ್ಲಿ ಓದಿದ್ದೆ. ಕೊನೆ ನಂಗೆ ಗೊತ್ತಿತ್ತು. ನೀನೇನ್ ಓದ್ತೀಯ ಅಂತ ಕಾಯ್ತಿದ್ದೆ."

"ನಾನು ಇದ್ದದ್ದನ್ನೇ ಓದಿದ್ದಿದ್ರೆ?"

"ಆಗ್ಲೂ ಕಾಫಿ ಕುಡ್ಸೇ ಕಳಿಸ್ತಿದ್ದೆ. ಲೋಟ ಹಿಡಿದ ಕೈ ನಡುಗ್ತಿತ್ತು, ಅಷ್ಟೇ."

ಇನ್ನು ಸುಳ್ಳು ಹೇಳಲು ಜಾಗವೇ ಇರಲಿಲ್ಲ.

"ಸಾವಿರ ಅಲ್ಲ ಕಣವ್ವ," ಎಂದೆ. "ನಾನು ಕೊನೇಗಂಟ ಓದಿದ್ದು ಇದೊಂದೇ. ಅವ್ಳನ್ನ ಬೆಟ್ಟದಿಂದ ಇಳಿಸಿದ್ದು ನಿನ್ ಸಾಲು. ನಾನು ಅದನ್ನ ಕದ್ದು ಉದ್ದ ಮಾಡ್ದೆ. ಅವತ್ತು ಗಾಜು ನಡುಗಿದ್ದು ರಸ್ತೆಗೆ. ಶನಿವಾರ ನಡುಗಿದ್ದು ನನ್ ಕಾಲು."

ಬಸ್ಸಿನಲ್ಲಿದ್ದವರೂ ನಾನೂರಲ್ಲ. ಇಪ್ಪತ್ತಾರು ಜನ.