ಚರ್ಮ ಕಟ್ಟಿದ ಗಂಟೆಗಳು

ನಮ್ಮೂರ ಚರ್ಚಿನ ಗೋಪುರದಲ್ಲಿ ಆರು ಗಂಟೆಗಳಿವೆ. ಎಲ್ಲಕ್ಕೂ ದೊಡ್ಡದನ್ನು ಸಿರಿಲ್ ಎಳೆಯುತ್ತಿದ್ದ. ಅವನ ಅಣ್ಣ ಆಂಬ್ರೋಸ್ ನಮ್ಮ ಗಂಟೆ ತಂಡದ ಮುಖ್ಯಸ್ಥ. ಒಂದು ಈಸ್ಟರ್ ದಿನ ಅಣ್ಣ ಎಲ್ಲರೆದುರು ತನ್ನ ತಪ್ಪು ಎತ್ತಿ ಆಡಿದನೆಂದು ಸಿರಿಲ್ ಹಗ್ಗ ಬಿಟ್ಟು ಹೊರನಡೆದ. ಆಮೇಲೆ ಅವನು ಚರ್ಚಿನ ಹೊಸ್ತಿಲು ತುಳಿಯಲಿಲ್ಲ. ಒಂದೇ ಬೀದಿಯಲ್ಲಿದ್ದೂ ಅಣ್ಣ ತಮ್ಮ ಮಾತಾಡಲಿಲ್ಲ.

ಸಿರಿಲ್ ತೀರಿಕೊಂಡ ವಾರ ಅವನ ಹೆಂಡತಿ ಎನಿಡ್ ಗೋಪುರದ ಕೆಳಗೆ, ನಾವು ಅಭ್ಯಾಸ ಮಾಡುವಲ್ಲಿಗೆ ಬಂದಳು. ಕೋಟು ಬಿಚ್ಚಲಿಲ್ಲ.

"ಅವನ ಮಣ್ಣಿಗೆ ಗಂಟೆಗಳಿಗೆ ಚರ್ಮ ಕಟ್ಟಿ ಬಾರಿಸ್ತೀಯ, ಆಂಬ್ರೋಸ್?"

"ಆ ಮರ್ಯಾದೆ ಗಂಟೆ ಎಳೆಯೋರು ಸತ್ತಾಗ ಮಾತ್ರ. ಅವನೇ ಬಿಟ್ಟು ಹೋದ."

"ನಿದ್ದೇಲೂ ಹಗ್ಗ ಎಳೀತಿದ್ದ ಕಣೋ. ಪಕ್ಕದಲ್ಲಿ ಮಲಗಿ ಏಟು ತಿಂದೋಳು ನಾನು."

ಡಾಫ್ನಿ ಎರಡನೆಯ ಗಂಟೆ ಎಳೆಯುವವಳು. ಅವಳು ಬಾಯಿ ಹಾಕಿದಳು: "ಸತ್ತೋನ ಹತ್ರಾನೂ ಗೆಲ್ಲಬೇಕಾ ನಿಂಗೆ?"

ಆಂಬ್ರೋಸ್ ಹಗ್ಗ ಸುತ್ತಿಡತೊಡಗಿದ.

ಶವಸಂಸ್ಕಾರದ ಬೆಳಿಗ್ಗೆ ಅವನು ನನ್ನನ್ನು ಮೇಲೆ ಕರೆದ. ಟಾರ್ಚ್ ಹಿಡಿಸಿ, ಪ್ರತಿ ಗಂಟೆಯ ನಾಲಗೆಯ ಒಂದು ಬದಿಗೆ ತಾನೇ ಚರ್ಮದ ಪಟ್ಟಿ ಬಿಗಿದ. ಹಾಗೆ ಕಟ್ಟಿದರೆ ಒಂದು ಹೊಡೆತ ತುಂಬು ದನಿಯಲ್ಲಿ, ಮುಂದಿನದು ಗದ್ದೆಗಳಾಚೆಯಿಂದ ಬಂದಂತೆ ಕೇಳುತ್ತದೆ. ಊರವರು ಕಿವಿಗೊಟ್ಟು ಕಾಯುವುದು ಆ ಎರಡನೆಯದಕ್ಕೆ. ದೊಡ್ಡ ಗಂಟೆಯದನ್ನು ಎರಡು ಸಲ ಬಿಚ್ಚಿ ಮತ್ತೆ ಕಟ್ಟಿದ.

ಶವಪೆಟ್ಟಿಗೆ ಚರ್ಚಿನ ಗೇಟಿಗೆ ಬಂದಾಗ ಬಾರಿಸಲು ಶುರುಮಾಡಿದೆವು. ದೊಡ್ಡ ಗಂಟೆಯ ಹಗ್ಗ ಆಂಬ್ರೋಸನ ಕೈಯಲ್ಲೇ ಇತ್ತು. ಐದು ಗಂಟೆಗಳು ತಗ್ಗಿದಾಗ ಅದೊಂದೇ ಗರ್ಜಿಸಿತು. ಐದೂ ಮೊಳಗಿದಾಗ ಅದು ಮಂಕಾಯಿತು. ಅದೊಂದಕ್ಕೆ ಚರ್ಮವನ್ನು ತಪ್ಪು ಬದಿಗೆ ಬಿಗಿದಿದ್ದ. ಎಲ್ಲರ ತಪ್ಪು ಹಿಡಿಯುವವನ ತಪ್ಪು ಇಡೀ ಊರಿಗೆ ಕೇಳುತ್ತಿತ್ತು.

"ನಿಲ್ಲಿಸಿ," ಎಂದ ಆಂಬ್ರೋಸ್.

ಹೆಣ ಗೇಟಿನಲ್ಲಿರುವಾಗ ನಮ್ಮಲ್ಲಿ ಯಾವತ್ತೂ ಗಂಟೆಯನ್ನು ನಡುವೆ ನಿಲ್ಲಿಸಿದ್ದಿಲ್ಲ. ಅವನು ಏಣಿ ಹತ್ತಿದ. ತೆರೆದ ಬಾಗಿಲಿನಿಂದ ನೋಡಿದೆ: ಜಿನುಗು ಮಳೆಯಲ್ಲಿ ಹೆಗಲು ಕೊಟ್ಟವರು, ಏನು ಮಾಡಲೆಂದು ತಿಳಿಯದ ಪಾದ್ರಿ.

"ಕಾಯೋಣ," ಎಂದಳು ಪೆಟ್ಟಿಗೆಯ ಹಿಂದೆ ನಿಂತಿದ್ದ ಎನಿಡ್. "ಸರಿ ಮಾಡ್ಲಿ ಬಿಡಿ."

ಯಾರೂ ಕದಲಲಿಲ್ಲ. ಅಷ್ಟು ದೊಡ್ಡ ಮೌನವನ್ನು ನಮ್ಮೂರಲ್ಲಿ ನಾನು ಕೇಳಿರಲಿಲ್ಲ.

ಆಂಬ್ರೋಸ್ ಗ್ರೀಸ್ ಮೆತ್ತಿದ ಕೈಯಲ್ಲಿ ಇಳಿದು ಬಂದ. ಮತ್ತೆ ಬಾರಿಸಿದೆವು. ಈ ಸಲ ಆರೂ ಒಟ್ಟಿಗೆ ಮೊಳಗಿದವು, ಒಟ್ಟಿಗೆ ತಗ್ಗಿದವು.

ನಮ್ಮಲ್ಲಿ ಪೆಟ್ಟಿಗೆ ಒಳಗೆ ಬರುವುದು ಗೋಪುರದ ಬಾಗಿಲಿನಿಂದ, ನಮ್ಮ ನಡುವೆಯೇ. ಹಗ್ಗಗಳನ್ನು ಮೇಲೆ ಕಟ್ಟಿ ಗೋಡೆಗೆ ಒತ್ತಿ ನಿಂತೆವು. ಆಂಬ್ರೋಸ್ ತಲೆ ತಗ್ಗಿಸಿದ್ದ. ಹೆಗಲು ಕೊಟ್ಟವರು ಹೊಸ್ತಿಲಿಗೆ ಬಂದಾಗ ಒಂದು ಹೆಜ್ಜೆ ಮುಂದೆ ಬಂದು ಪೆಟ್ಟಿಗೆಯ ಅಡಿಗೆ ಕೈ ಕೊಟ್ಟ.

"ಹುಷಾರು," ಎಂದ. "ಒಳಗೊಂದು ಮೆಟ್ಟಿಲು ಇಳೀಬೇಕು. ಇವನು ಯಾವಾಗ್ಲೂ ಇಲ್ಲೇ ಎಡವ್ತಿದ್ದ."