ಗಂಗವ್ವನ ಪುಸ್ತಕ

ಹಳೆಯ ಪುಸ್ತಕ ಕೊಳ್ಳುವುದು ನನ್ನ ಚಟ. ಕುರ್ಲಾ ಸ್ಟೇಶನ್ನಿನ ರದ್ದಿ ಅಂಗಡಿಗೆ ಹೋಗದೆ ನನಗೆ ರವಿವಾರವೇ ಇಲ್ಲ. ಪುಸ್ತಕಗಳೊಳಗೆ ಸಿಕ್ಕಿದ್ದನ್ನೆಲ್ಲ, ಹರಿದ ಸಿನಿಮಾ ಟಿಕೀಟು, ಒಣಗಿದ ಹೂವು, ಯಾರದೋ ಮದುವೆ ಫೋಟೊ, ಒಂದು ಬಿಸ್ಕಿಟ್ ಡಬ್ಬಿಯಲ್ಲಿ ಕೂಡಿಡುತ್ತಿದ್ದೆ. "ಕುಡಿಯೋ ಗಂಡ ಸಿಕ್ಕಿದ್ರ ಬಾಟ್ಲಿನಾದ್ರೂ ಮಾರತಿದ್ದೆ," ಎನ್ನುತ್ತಿದ್ದಳು ಹೆಂಡತಿ ಕಸ್ತೂರಿಬಾಯಿ.

ಎಪ್ಪತ್ತೆರಡನೇ ಇಸವಿಯಲ್ಲಿ ನಾಲ್ಕನೇ ಇಯತ್ತೆಯ ಕನ್ನಡ ಶಾಲಾಪುಸ್ತಕವೊಂದು ಸಿಕ್ಕಿತು. ಮೊದಲ ಪುಟದಲ್ಲಿ ‘ಗಂಗವ್ವ’ ಎಂದು ಹೆಸರು. ನಡುವೆ ನವಿಲುಗರಿ, ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ, ‘ಮರಿ ಹಾಕಿದರೆ ಒಂದು ತಂಗಿಗೆ.’ ನಕ್ಕೆ. ಪುಟ ತಿರುವಿದರೆ ಹರಿದ ದಾರದಲ್ಲಿ ಕೆಂಪು-ಬಿಳಿ ಮಣಿಗಳು. ನಮ್ಮ ಕಡೆ ಹುಡುಗಿಯರನ್ನು ದೇವಿಗೆ ಬಿಡುವಾಗ ಕೊರಳಿಗೆ ಕಟ್ಟುವ ಮುತ್ತು ಅದು. ಆಮೇಲೆ ಅವರಿಗೆ ಮದುವೆಯಿಲ್ಲ. ದಲಾಲರು ಈ ಶಹರಕ್ಕೆ ತಂದು ಮಾರುತ್ತಾರೆ. ಎಲ್ಲ ಗೊತ್ತಿದ್ದೂ ಮಣಿಗಳನ್ನು ಡಬ್ಬಿಗೆ ಹಾಕಿ ಮುಚ್ಚಿದೆ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ನಾವಿದ್ದ ಚಾಳು ರೈಲು ಹಳಿಯ ಪಕ್ಕದಲ್ಲೇ. ಅಂದಿನಿಂದ ಲೋಕಲ್ ಹೋದಾಗಲೆಲ್ಲ ಡಬ್ಬಿಯೊಳಗೆ ಅವು ಸದ್ದು ಮಾಡುತ್ತಿದ್ದವು.

ಅದೇ ದೀಪಾವಳಿ ಮುಗಿದ ಮೇಲೆ ಊರಿನಿಂದ ತಂಗಿ ಲಕ್ಷ್ಮವ್ವ ಬಂದಳು, ಜೊತೆಗೆ ಹತ್ತು ವರ್ಷದ ಮಗಳು ದಾನವ್ವ. ಹುಡುಗಿಯ ಕೂದಲು ಗಂಟುಗಟ್ಟಿ ಜಡೆಯಾಗಿತ್ತು.

"ತಲ್ಯಾಗ ಜಡಿ ಬಿಟ್ಟೈತಿ, ದೇವಿ ಕರದಾಳ, ಅಣ್ಣಾ. ಹುಣ್ಣಿವಿಗೆ ಮುತ್ತು ಕಟ್ಟಸೂದು. ಸ್ವಾದರಮಾವನ ಸೀರಿ ಉಡಸದ ಮುತ್ತು ಕಟ್ಟೂದಿಲ್ಲ, ಅದನ್ನ ಕೇಳಾಕ ಬಂದೀನಿ."

"ಎಣ್ಣಿ ಕಾಣದ ತಲಿ ಅದು. ಹೇನಿನ ಗಂಟಿಗೆ ದೇವಿ ಹೆಸರ್ಯಾಕ? ಕತ್ತರಿಸಿ ಒಗೀತೀನಿ."

"ಕತ್ತರಿ ಮುಟ್ಟಿಸಿದ್ರ ಹುಡುಗಿ ರಕ್ತ ಕಾರಿ ಸಾಯತಾಳ. ಹಿರ್ಯಾರು ಹುಚ್ಚರೇನು? ನಾಲ್ಕು ಬುಕ್ ಓದಿ ನೀ ದೊಡ್ಡಾಂವ ಆದಿ."

ದಾನವ್ವ ಕಪಾಟಿನ ಮುಂದೆ ಕೂತು ಗಂಗವ್ವನ ಪುಸ್ತಕ ತೆರೆದಿದ್ದಳು. "ಮಾಮಾ, ನಂದೂ ಇದ ಪುಸ್ತಕ ಐತಿ. ಈ ಗಂಗವ್ವ ಈಗ ಎಷ್ಟನೇ ಇಯತ್ತಿ?"

ಡಬ್ಬಿ ತೆಗೆದು ಮಣಿಗಳನ್ನು ಅವಳ ಅಂಗೈಗೆ ಸುರಿದೆ. "ಇದನ್ನ ಕಟ್ಟಿ ಸಾಲಿ ಬಿಡಿಸಿದ್ರವ್ವಾ. ಪುಸ್ತಕ ರದ್ದಿಗೆ ಬಂತು. ಆಕಿ ಎಲ್ಲಿ ಅದಾಳೋ ಯಾರಿಗೂ ಗೊತ್ತಿಲ್ಲ."

ಹುಡುಗಿ ಮಣಿಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿದಳು. ಆಮೇಲೆ ಕಸ್ತೂರಿಬಾಯಿಯ ಹೊಲಿಗೆ ಮಶೀನಿನ ಮೇಲಿದ್ದ ಕತ್ತರಿ ತಂದು, ನನಗೆ ಬೆನ್ನು ಮಾಡಿ ಕೂತಳು.

"ಕತ್ತರಸು ಮಾಮಾ. ಸತ್ರ ಸಾಯತೀನಿ. ನಾ ಐದನೇ ಇಯತ್ತಿಗೆ ಹೋಗಾಕಿ."

ಲಕ್ಷ್ಮವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಾನು ಕತ್ತರಿ ಎತ್ತಿಕೊಂಡೆ. ಎಷ್ಟು ಓದಿದರೂ ಆ ರಕ್ತದ ಮಾತು ನನ್ನೊಳಗೂ ಕೂತಿತ್ತು. ಕತ್ತರಿಸಿದೆ. ಜಡೆ ನೆಲಕ್ಕೆ ಬಿತ್ತು. ಧೂಳು ಉದುರಿತು, ಹೇನು ಹರಿದಾಡಿದವು, ಅಷ್ಟೇ. ದಾನವ್ವ ತಲೆ ತುರಿಸಿಕೊಂಡು, "ಹಗುರ ಆತು," ಎಂದಳು.

ಲಕ್ಷ್ಮವ್ವ ಮಗಳನ್ನು ನಮ್ಮಲ್ಲೇ ಬಿಟ್ಟು ಹೋದಳು. ಜೂನಿನಲ್ಲಿ ಅವಳು ಇಲ್ಲೇ ಮುನಸಿಪಾಲ್ಟಿಯ ಕನ್ನಡ ಶಾಲೆ ಸೇರಿದಳು. ನವಿಲುಗರಿ ಅವಳ ಹೊಸ ಪುಸ್ತಕಕ್ಕೆ ಹೋಯಿತು. ಮಣಿಗಳು ಡಬ್ಬಿಯಲ್ಲೇ ಇವೆ. ಲೋಕಲ್ ಹೋದಾಗ ಈಗಲೂ ಸದ್ದು ಮಾಡುತ್ತವೆ.

ಗಂಗವ್ವನಿಗೂ ಒಬ್ಬ ಸೋದರಮಾವ ಇದ್ದಿರಬೇಕು, ಓದುಗರೇ. ಅವನು ಸೀರೆ ಕೊಟ್ಟ.