ಬೀಗರ ಊಟಕ್ಕೆ ಬಲಗೈ

ಹೊಳಲಿನ ತಿಮ್ಮಯ್ಯನಿಗೆ ಲಕ್ವ ಹೊಡೆದು ಬಲಭಾಗ ಬಿದ್ದುಹೋಗಿತ್ತು. ಆಸ್ಪತ್ರೆಯಿಂದ ಬಂದ ಮೇಲೆ ಮಾತು ಮರಳಿತು, ಸಿಟ್ಟೂ ಮರಳಿತು. ಬಲಗೈ ಮಾತ್ರ ತೊಡೆಯ ಮೇಲೆ ಸುಮ್ಮನೆ ಬಿದ್ದಿರುತ್ತಿತ್ತು. ಹೆಂಡತಿ ಹೊಂಬಾಳಮ್ಮ ಮುದ್ದೆ ಮುರಿದು, ಸಾರಲ್ಲಿ ಅದ್ದಿ, ತುತ್ತು ತುತ್ತಾಗಿ ಬಾಯಿಗಿಡುತ್ತಿದ್ದಳು. ಮಂಚ ಬಿಟ್ಟು ಏಳಲು ಬಿಡುತ್ತಿರಲಿಲ್ಲ. ಕಾಯಿಲೆಯ ಗಂಡನಿಂದ ಕೆಲಸ ಮಾಡಿಸಿದರೆ ಊರವರು ಏನಂದಾರು?

ಅಷ್ಟರಲ್ಲಿ ಮೊಮ್ಮಗಳು ಅರ್ಪಿತಳಿಗೆ ಮಳವಳ್ಳಿಯ ಗಂಡು ಗೊತ್ತಾಯಿತು. ತಿಮ್ಮಯ್ಯ ಗೋಡೆ ಕಡೆ ತಿರುಗಿ ಹೇಳಿಬಿಟ್ಟ.

"ಮದ್ವೆಗೆ ಬತ್ತೀನಿ. ಬೀಗ್ರೂಟಕ್ಕೆ ಬರಕಿಲ್ಲ. ಬೀಗ್ರ ಮುಂದೆ ಕೂಸಿನಂಗೆ ಬಾಯಿ ತಕ್ಕೊಂಡು ಕೂತ್ಕೊಳ್ಲಾ? ಇಲ್ಲಾ ಎಡಗೈಲಿ ಉಣ್ಲಾ?"

ಹೊಂಬಾಳಮ್ಮ ತಲೆ ಮೇಲೆ ಕೈ ಹೊತ್ತು ಕೂತಳು. ಈ ಸೀಮೆಯಲ್ಲಿ ಮದುವೆ ತಪ್ಪಿಸಿದವರನ್ನಾದರೂ ಕ್ಷಮಿಸಿಯಾರು, ಮದುವೆಯಾದ ಮೇಲೆ ಗಂಡಿನ ಮನೆಯವರು ಹಾಕುವ ಬೀಗರ ಊಟ ತಪ್ಪಿಸಿದವರನ್ನು ಕ್ಷಮಿಸುವುದುಂಟೇ!

ಹಿಂದಿನ ಬೀದಿಯ ಸೋಮಮ್ಮ ಕೋಲೂರಿಕೊಂಡು ಬಂದಳು. ಅವಳಿಗೂ ಹಿಂದೆ ಲಕ್ವ ಹೊಡೆದಿತ್ತು. ಈಗ ಕಾಲು ಸ್ವಲ್ಪ ಎಳೆಯುತ್ತದೆ, ಅಷ್ಟೇ. ನಾಲಿಗೆಗೆ ಅದೂ ಇಲ್ಲ.

"ಅಕ್ಕ, ಬಾವನ ಕೈ ಕೆಡಿಸ್ತಿರೋಳೇ ನೀನು ಕಣಕ್ಕ."

ಹೊಂಬಾಳಮ್ಮ ರೇಗಿದಳು. "ಸಾಕು ಬುಡಮ್ಮಿ! ಎಣ್ಣೆ ತಿಕ್ಕಿವ್ನಿ, ಪಾರಿವಾಳದ ರಕ್ತ ಹಚ್ಚಿವ್ನಿ. ಇನ್ನೇನು, ಕಾಯ್ಲೆ ಮನ್ಸನ್ನ ಗೇಯಿಸು ಅಂತೀಯಾ?"

"ಪಾರಿವಾಳ ಸತ್ತದ್ದೇ ಬಂತು. ಕೈ ಸತ್ತಿಲ್ಲ ಕಣಕ್ಕ, ತಲೆಯಿಂದ ಕೈಗೆ ಓಗೋ ಅಪ್ಪಣೆ ನಿಂತೋಗ್ಬುಟ್ಟದೆ. ದಿನಾ ಆಡ್ಸಿದ್ರೆ ಮಿದುಳು ತಿರ್ಗಾ ಕಲೀತದೆ. ಸುಮ್ನೆ ಮಲಗ್ಸಿದ್ರೆ ಕೀಲೆಲ್ಲ ಬಿಗ್ದೋಯ್ತವೆ."

"ಈ ವಯಸ್ಸಲ್ಲಾ?"

"ವಯಸ್ಸಾದೋರ್ಗೇ ಅದು ಬೇಕಾಗಿರೋದು. ನಾಳೆ ಆಟೋ ಕರ್ಸು, ನಾನೂ ಬತ್ತೀನಿ."

ಮಂಡ್ಯದ ಆಸ್ಪತ್ರೆಯಲ್ಲಿ ಡಾಕ್ಟರು ಬಿ.ಪಿ. ನೋಡಿದರು, ನುಂಗಲು ತೊಂದರೆಯಿಲ್ಲವೆಂದು ಖಚಿತ ಮಾಡಿಕೊಂಡರು. ಫಿಜಿಯೋಥೆರಪಿಯ ಕವಿತ, ಅವನದೇ ಎಡಗೈಯಿಂದ ಬಲಗೈ ಹಿಡಿದು ಮೆಲ್ಲಗೆ ಎತ್ತುವುದನ್ನು, ಬೆರಳು ಬಿಡಿಸುವುದನ್ನು, ಕುರ್ಚಿಯಿಂದ ಎದ್ದು ಕೂರುವುದನ್ನು ಕಲಿಸಿದಳು.

"ಏಳಿಸೋವಾಗ ಬಿದ್ದ ಕೈ ಹಿಡಿದು ಎಳೀಬೇಡಿ ಅಮ್ಮ, ಭುಜ ಜಾರುತ್ತೆ. ಬಲಗಡೆ ನಿಂತ್ಕೊಂಡು ಸೊಂಟಕ್ಕೆ ಆಸರೆ ಕೊಡಿ. ಮುದ್ದೆ ಮುರಿಯೋದನ್ನೂ ಅವರೇ ಮಾಡ್ಲಿ. ಆದರೆ ಆರಿದ ಮುದ್ದೆ ಕೊಡಿ. ಆ ಕೈಗೆ ಬಿಸಿ ಗೊತ್ತಾಗಲ್ಲ."

ಮನೆಯಲ್ಲಿ ದೊಡ್ಡ ರಗಳೆಯೇ ಆಯಿತು. ಮುದ್ದೆ ಬೆರಳಿಗೆ ಅಂಟಿತು, ನೆಲಕ್ಕೆ ಬಿತ್ತು. ತಿಮ್ಮಯ್ಯ ಕವಿತಳನ್ನೂ ಸೋಮಮ್ಮನನ್ನೂ ಸೇರಿಸಿ ಬೈದ. ಅವನಿಗಿಂತ ಕಷ್ಟವಾದದ್ದು ಹೊಂಬಾಳಮ್ಮನಿಗೆ. ತುತ್ತಿಡಲು ಓಡುವ ತನ್ನ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತಳು. ಸುಸ್ತಾದಾಗ ನಿಲ್ಲಿಸಿದರು, ಮರುದಿನ ಮತ್ತೆ ಶುರು. ಒಂದು ಬೆಳಿಗ್ಗೆ ಹೆಬ್ಬೆರಳು ಬಂದು ತೋರುಬೆರಳನ್ನು ಮುಟ್ಟಿತು. ಅವತ್ತು ಬೈಗುಳ ಇರಲಿಲ್ಲ.

ಮದುವೆ ಮುಗಿದು ಬೀಗರ ಊಟದ ದಿನ ಬಂತು. ಮಳವಳ್ಳಿಯ ಚಪ್ಪರದಲ್ಲಿ ಬೀಗ ಶಿವರಾಮು ತಾನೇ ಬಂದು ಎಲೆಗೆ ಮುದ್ದೆ ಹಾಕಿ, ಕೋಳಿ ಸಾರು ಬಡಿಸಿದ. ಮುದ್ದೆ ಆರುವ ತನಕ ತಿಮ್ಮಯ್ಯ ಮಾತಾಡುತ್ತಾ ಕೂತ. ಪಕ್ಕದಲ್ಲಿದ್ದ ಹೊಂಬಾಳಮ್ಮನ ಕೈ ಅಭ್ಯಾಸಬಲದಿಂದ ಅವನ ಎಲೆಗೆ ಹೋಯಿತು.

"ತೆಗಿಯಮ್ಮಿ ಕೈಯ. ಇದು ನನ್ನೆಲೆ."

ಬಲಗೈಯಲ್ಲೇ ಮುದ್ದೆಯನ್ನು ಸೊಟ್ಟಗೆ ಮುರಿದ. ಅರ್ಧ ಸಾರು ಹೊಸ ಅಂಗಿಯ ಮೇಲೆ ಚೆಲ್ಲಿತು. ತುತ್ತು ಬಾಯಿ ಸೇರಿತು. ಹೊಂಬಾಳಮ್ಮನ ಕಣ್ಣು ತುಂಬಿತು. ಎಷ್ಟೋ ತಿಂಗಳ ಮೇಲೆ ಅವಳೂ ಗಂಡನ ಪಕ್ಕದಲ್ಲೇ ಕೂತು ನೆಮ್ಮದಿಯಾಗಿ ಉಂಡಳು.

ನಿಮ್ಮ ಮನೆಯಲ್ಲೂ ಲಕ್ವ ಹೊಡೆದ ಹಿರಿಯರಿದ್ದಾರೆಯೇ? ಹತ್ತಿರದ ಆಸ್ಪತ್ರೆಯ ಫಿಜಿಯೋಥೆರಪಿಗೆ ಕರೆದೊಯ್ಯಿರಿ. ಮಾತ್ರೆ ತಪ್ಪಿಸಬೇಡಿ. ತಲೆ ಸುತ್ತಿದರೆ, ಎದೆ ನೋವು ಬಂದರೆ ವ್ಯಾಯಾಮ ನಿಲ್ಲಿಸಿ ತಕ್ಷಣ ಡಾಕ್ಟರಿಗೆ ತೋರಿಸಿ. ಎಲ್ಲರ ಕೈಯೂ ಒಂದೇ ಸಮ ಬರುವುದಿಲ್ಲ, ಬಂದಷ್ಟೂ ಲಾಭವೇ. ಅವರು ತಾವೇ ಮಾಡಬಲ್ಲದ್ದನ್ನು ಪ್ರೀತಿಯ ಹೆಸರಲ್ಲಿ ಕಿತ್ತುಕೊಳ್ಳಬೇಡಿ. ಪಕ್ಕದಲ್ಲಿ ಕೂತಿರಿ, ತುತ್ತನ್ನು ಅವರೇ ಎತ್ತಲಿ.